ಎಪಾಕ್ಸಿಗೆ ಪಿಪಿಒ ಬೆರೆಸಿದರೆ ಬೋರ್ಡ್ ಯಾಕೆ ಬೊಬ್ಬೆ ಏಳುತ್ತದೆ?

ಪ್ರಶ್ನೆ: ನಾನು ಪಾಲಿಮರ್ ವಿಷಯದಲ್ಲಿ ಎಂ.ಟೆಕ್ ಓದುತ್ತಿದ್ದೇನೆ. ಹೈ-ಫ್ರೀಕ್ವೆನ್ಸಿ ಸರ್ಕ್ಯೂಟ್ ಬೋರ್ಡ್‌ಗೆ ಆಗುವಂಥ ಲ್ಯಾಮಿನೇಟ್ (ರೆಸಿನ್ ಹಚ್ಚಿದ ಗಾಜಿನ ಬಟ್ಟೆಗಳನ್ನು ಒತ್ತಿ ಮಾಡುವ ಹಲಗೆ) ಮಾಡುವುದು ನನ್ನ ಪ್ರಾಜೆಕ್ಟ್. ಪಿಪಿಒ, ಅಂದರೆ ಪಾಲಿಫೆನಿಲೀನ್ ಆಕ್ಸೈಡ್, ಒಳ್ಳೆಯ ಇನ್ಸುಲೇಟರ್ ಎಂದು ಓದಿ ಎಪಾಕ್ಸಿ ಎಂಬ ರೆಸಿನ್‌ಗೆ 30% ಸೇರಿಸಿದೆ. ಬಿಸಿ ಟಾಲ್ಯೂಯಿನ್‌ನಲ್ಲಿ ಕರಗಿತು, ಆರುತ್ತಿದ್ದಂತೆ ಜೆಲ್ಲಿಯಾಯಿತು. ಮತ್ತೆ ಬಿಸಿ ಮಾಡಿ ಹೇಗೋ ಗಾಜಿನ ಬಟ್ಟೆಗೆ ಹಚ್ಚಿ ಪ್ರೆಸ್ ಮಾಡಿದೆ. ಕರಗಿದ ಸೋಲ್ಡರ್ ಮೇಲೆ ತೇಲಿಬಿಟ್ಟರೆ ಬೊಬ್ಬೆ ಎದ್ದಿತು. ಬಿಸಿ ಮಾಡುತ್ತಾ ಬಿಗಿತ ಅಳೆಯುವ ಡಿಎಂಎ ಪರೀಕ್ಷೆಯಲ್ಲಿ ಎರಡು ಟಿಜಿ (ಗಟ್ಟಿ ಪಾಲಿಮರ್ ಮೆತ್ತಗಾಗುವ ಉಷ್ಣತೆ) ಕಾಣುತ್ತಿವೆ. ಸಾಲ್ವೆಂಟ್ ಹಾಕಿ ಒರೆಸಿದರೆ ಮೇಲ್ಮೈ ಅಂಟಂಟಾಗುತ್ತದೆ. ಇಷ್ಟು ಒಳ್ಳೆಯ ಪಾಲಿಮರ್ ಹೀಗೇಕೆ ಮಾಡುತ್ತದೆ? ಇದನ್ನು ಬಿಟ್ಟು ಬೇರೆ ಪಾಲಿಮರ್ ಹುಡುಕಲೇ? ಇನ್ನೂ 2 ಕೆ.ಜಿ. ಪಿಪಿಒ ಉಳಿದಿದೆ.

ಉತ್ತರ: ಬೇರೆ ಪಾಲಿಮರ್ ಹುಡುಕಬೇಡಿ. ನಿಮ್ಮ ಆಯ್ಕೆ ಸರಿಯಾಗಿಯೇ ಇದೆ. ಚೀಲದಿಂದ ತೆಗೆದ ಹಾಗೇ ಹಾಕಿದಿರಿ, ಅಷ್ಟೇ ತೊಂದರೆ. ಜೆಲ್ಲಿ, ಬೊಬ್ಬೆ, ಎರಡು ಟಿಜಿ, ಅಂಟುವ ಮೇಲ್ಮೈ ಎಂದು ನೀವು ನಾಲ್ಕು ಲಕ್ಷಣ ಬರೆದಿದ್ದೀರಿ. ನಾಲ್ಕಕ್ಕೂ ಮೂಲ ಒಂದೇ. ನಿಮ್ಮ ಪಿಪಿಒ ಸರಪಳಿ ತುಂಬಾ ಉದ್ದ. ಜೊತೆಗೆ, ಎಪಾಕ್ಸಿಯನ್ನು ಹಿಡಿದುಕೊಳ್ಳಲು ಅದಕ್ಕೆ ಸಾಕಷ್ಟು ಕೈಗಳಿಲ್ಲ, ಅಂದರೆ ಎಪಾಕ್ಸಿಯ ಜೊತೆ ಕ್ರಿಯೆ ನಡೆಸುವ ಗುಂಪುಗಳಿಲ್ಲ.

ಮೊದಲು ಈ ಕಷ್ಟ ಯಾಕೆ ಪಡಬೇಕು ಅನ್ನುವುದನ್ನು ನೋಡೋಣ. ಅದು ಸ್ಪಷ್ಟವಾಗದಿದ್ದರೆ ಮುಂದೆ ಎಲ್ಲಿ ರಾಜಿ ಮಾಡಿಕೊಳ್ಳಬಹುದು, ಎಲ್ಲಿ ಬಾರದು ಅಂತ ಗೊತ್ತಾಗುವುದಿಲ್ಲ.

ನಮ್ಮ ಕೈಯಲ್ಲಿರುವ ಬಹುತೇಕ ಬೋರ್ಡ್‌ಗಳು ಎಫ್‌ಆರ್-4. ಗಾಜಿನ ಬಟ್ಟೆ, ಅದರೊಳಗೆ ಇಳಿದ ಎಪಾಕ್ಸಿ, ಮೇಲೆ ತಾಮ್ರದ ಫಾಯಿಲ್. ಬೆಲೆ ಕಡಿಮೆ, ಕೊರೆಯಲು ಸುಲಭ, ತಾಮ್ರ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಇದರ ಡಿಕೆ (ಡೈಎಲೆಕ್ಟ್ರಿಕ್ ಸ್ಥಿರಾಂಕ) 4.2ರಿಂದ 4.6ರವರೆಗೆ, ಡಿಎಫ್ (ಡೈಎಲೆಕ್ಟ್ರಿಕ್ ನಷ್ಟದ ಅಳತೆ) 0.015ರಿಂದ 0.02ರವರೆಗೆ ಇರುತ್ತದೆ. ಡಿಕೆ ಜಾಸ್ತಿಯಾದಷ್ಟೂ ಸಿಗ್ನಲ್ ನಿಧಾನ. ಡಿಎಫ್ ಜಾಸ್ತಿಯಾದಷ್ಟೂ ಸಿಗ್ನಲ್ ದಾರಿಯಲ್ಲೇ ಶಾಖವಾಗಿ ಕಳೆದುಹೋಗುತ್ತದೆ. ರೇಡಿಯೋ ಅಥವಾ ಮಿಕ್ಸಿಯ ಬೋರ್ಡ್‌ಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಗಿಗಾಹರ್ಟ್ಸ್‌ಗೆ ಹೋದರೆ ಮಾತ್ರ ನೋವು ಗೊತ್ತಾಗುತ್ತದೆ.

ಬೋರ್ಡ್ ವಿನ್ಯಾಸ ಮಾಡುವವರು ಒಂದು ಸರಳ ಸೂತ್ರ ಇಟ್ಟುಕೊಂಡಿರುತ್ತಾರೆ. ಗಿಗಾಹರ್ಟ್ಸ್‌ನಲ್ಲಿ ಫ್ರೀಕ್ವೆನ್ಸಿ, ಡಿಎಫ್, ಡಿಕೆಯ ವರ್ಗಮೂಲ ಇವನ್ನು ಗುಣಿಸಿ, ಬಂದದ್ದನ್ನು 2.3ರಿಂದ ಗುಣಿಸಿದರೆ ಇಂಚಿಗೆ ಎಷ್ಟು ಡೆಸಿಬೆಲ್ ನಷ್ಟ ಅಂತ ಸಿಗುತ್ತದೆ. 10 ಗಿಗಾಹರ್ಟ್ಸ್ ತೆಗೆದುಕೊಳ್ಳಿ. ಡಿಎಫ್ 0.02, ಡಿಕೆ 4.2 ಇರುವ ಎಫ್‌ಆರ್-4 ಮೇಲೆ 10 ಇಂಚು ಹೋದರೆ ಸುಮಾರು 9.4 ಡೆಸಿಬೆಲ್ ಹೋಯಿತು. ಹೊರಟ ಶಕ್ತಿಯಲ್ಲಿ ಆ ತುದಿಗೆ ತಲುಪುವುದು 11% ಮಾತ್ರ. ಅದೇ ಡಿಎಫ್ 0.01, ಡಿಕೆ 3.9 ಆದರೆ ನಷ್ಟ ಸುಮಾರು 4.5 ಡೆಸಿಬೆಲ್. ಆಗ 35% ತಲುಪುತ್ತದೆ. ತಾಮ್ರದಲ್ಲಿ ಆಗುವ ನಷ್ಟ ಇದರಲ್ಲಿ ಸೇರಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಡಿಎಫ್ ಅರ್ಧಕ್ಕೆ ಇಳಿದರೆ ತಲುಪುವ ಶಕ್ತಿ ಮೂರು ಪಟ್ಟಾಗುತ್ತದೆ. ನಿಮ್ಮ ಪ್ರಾಜೆಕ್ಟ್‌ನ ಬೆಲೆ ಇಷ್ಟರಲ್ಲೇ ಇದೆ.

ಈಗ ಪಿಪಿಒ ನೋಡಿ. ಡಿಕೆ ಸುಮಾರು 2.5. ಡಿಎಫ್ 0.001ರ ಆಸುಪಾಸು. ಟಿಜಿ 210 ಡಿಗ್ರಿ ದಾಟುತ್ತದೆ. 24 ಗಂಟೆ ನೀರಲ್ಲಿ ಮುಳುಗಿಸಿಟ್ಟರೂ 0.1%ರಷ್ಟೂ ನೀರು ಕುಡಿಯುವುದಿಲ್ಲ. ಬೆಂಜೀನ್ ಉಂಗುರ, ಆಕ್ಸಿಜನ್, ಉಂಗುರ, ಆಕ್ಸಿಜನ್ ಅಂತ ಸರಪಳಿ ಹೋಗುತ್ತದೆ. ಪ್ರತಿ ಉಂಗುರದ ಮೇಲೂ ಎರಡು ಮಿಥೈಲ್ ಗುಂಪು. ವಿದ್ಯುತ್ ಕ್ಷೇತ್ರ ಬದಲಾದಾಗಲೆಲ್ಲ ತಿರುಗಿ ತಿರುಗಿ ಶಕ್ತಿ ತಿನ್ನುವಂಥ ಗುಂಪುಗಳು ಅದರಲ್ಲಿ ಇಲ್ಲ. ಎಪಾಕ್ಸಿಯಲ್ಲಿ ಅಂಥವು ಬೇಕಾದಷ್ಟಿವೆ.

ಈ ಪಾಲಿಮರ್ ಹುಟ್ಟಿದ ಕಥೆ ನನಗೆ ಬಹಳ ಇಷ್ಟ. ಕೆನಡಾ ಮೂಲದ ಅಲನ್ ಹೇ 1956ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿದ್ದರು. 2,6-ಝೈಲಿನಾಲ್ ಎಂಬ ಫೀನಾಲ್‌ಗೆ ತಾಮ್ರದ ಲವಣ ಮತ್ತು ಪಿರಿಡಿನ್ ಹಾಕಿ ಆಕ್ಸಿಜನ್ ಹಾಯಿಸಿದರು. ಸಾಮಾನ್ಯ ಉಷ್ಣತೆಯಲ್ಲೇ ಉದ್ದ ಸರಪಳಿ ಬೆಳೆಯಿತು. ಹೊರಗೆ ಬಿದ್ದದ್ದು ನೀರು ಮಾತ್ರ. ಎಷ್ಟು ಚೊಕ್ಕ ರಸಾಯನ ನೋಡಿ! ಆದರೆ ಆ ಪಾಲಿಮರನ್ನು ಒಂಟಿಯಾಗಿ ಕರಗಿಸಿ ಅಚ್ಚಿಗೆ ಹಾಕುವುದು ಬಹಳ ಕಷ್ಟವಾಯಿತು. ಅದು ಹರಿಯುವಷ್ಟು ಬಿಸಿ ಮಾಡಿದರೆ ಕೆಡಲು ಶುರುವಾಗುತ್ತಿತ್ತು. ಕೊನೆಗೆ ಪಾಲಿಸ್ಟೈರೀನ್ ಜೊತೆ ಬೆರೆಸಿ 1966ರಲ್ಲಿ ನೋರಿಲ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ತಂದರು. ಪಾಲಿಸ್ಟೈರೀನ್ ಜೊತೆ ಅದು ಯಾವ ಪ್ರಮಾಣದಲ್ಲೂ ಹೊಂದಿಕೊಳ್ಳುತ್ತದೆ. ಎಪಾಕ್ಸಿ ಜೊತೆ ಹಾಗಲ್ಲ. ನೀವು ಎಡವಿದ್ದು ಅಲ್ಲೇ.

ನಿಮ್ಮ ಪಿಪಿಒದ ಸರಾಸರಿ ಅಣುತೂಕ 20,000 ಅಂತ ಇಟ್ಟುಕೊಳ್ಳೋಣ. ಅಚ್ಚಿಗೆ ಬಳಸುವ ದರ್ಜೆಗಳು ಸಾಮಾನ್ಯವಾಗಿ ಆ ಸುತ್ತಮುತ್ತ ಇರುತ್ತವೆ. ಒಂದು ಕೊಂಡಿಯ ತೂಕ 120. ಅಂದರೆ ಒಂದು ಸರಪಳಿಯಲ್ಲಿ 160ಕ್ಕಿಂತ ಹೆಚ್ಚು ಕೊಂಡಿ. ಉದ್ದ ಕೂದಲು ಎಣ್ಣೆ ಹಾಕದೆ ಬಿಟ್ಟರೆ ಹೇಗೆ ಸಿಕ್ಕಾಗುತ್ತದೋ ಹಾಗೆ ಇವು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ದ್ರಾವಣ ಗಟ್ಟಿಯಾಗುತ್ತದೆ. ಟಾಲ್ಯೂಯಿನ್ ಬಿಸಿ ಇರುವಾಗ ಸರಿಯಾಗಿಯೇ ಕಾಣುತ್ತದೆ. ತಣ್ಣಗಾಗುತ್ತಿದ್ದಂತೆ ಸರಪಳಿಗಳ ಕೆಲವು ಭಾಗ ಒಟ್ಟೊಟ್ಟಿಗೆ ಜೋಡಿಸಿಕೊಂಡು ಕೂರುತ್ತವೆ, ಇಡೀ ದ್ರಾವಣ ಹೆಪ್ಪುಗಟ್ಟುತ್ತದೆ. ನಾನೂ ಮೊದಮೊದಲು ಇಂಥ ವಾರ್ನಿಶ್ (ಬಟ್ಟೆಗೆ ಹಚ್ಚುವ ರೆಸಿನ್ ದ್ರಾವಣ) ಮಾಡಿ ರಾತ್ರಿ ಬಿಟ್ಟು ಹೋಗಿದ್ದೆ. ಬೆಳಿಗ್ಗೆ ಬಂದಾಗ ಚಳಿಗಾಲದ ತುಪ್ಪದ ಹಾಗಿತ್ತು. ಕದಡುವ ಕೋಲು ಅದರಲ್ಲಿ ನೆಟ್ಟಗೆ ನಿಂತಿತ್ತು.

ಈ ಗಟ್ಟಿತನದ ಪರಿಣಾಮ ಗಾಜಿನ ಬಟ್ಟೆಯಲ್ಲಿ ಕಾಣುತ್ತದೆ. ಬೋರ್ಡ್‌ಗೆ ಹೆಚ್ಚಾಗಿ ಬಳಸುವ 7628 ಬಟ್ಟೆಯಲ್ಲಿ ಒಂದು ನೂಲು ಅಂದರೆ ಸುಮಾರು 400 ಎಳೆ. ಒಂದೊಂದು ಎಳೆ 9 ಮೈಕ್ರಾನ್ ದಪ್ಪ. ರೆಸಿನ್ ಬಟ್ಟೆಯ ಮೇಲೆ ಹರಡಿದರೆ ಸಾಲದು, ಆ ಎಳೆಗಳ ನಡುವಿನ ಸಂದಿಗೂ ಇಳಿಯಬೇಕು. ನಿಮ್ಮ ದಪ್ಪ ವಾರ್ನಿಶ್ ಮೇಲೆ ಕೂತಿತು, ಒಳಗೆ ಹೋಗಲಿಲ್ಲ. ನೂಲಿನ ಒಳಗೆ ಗಾಳಿ ಉಳಿಯಿತು. ಟಾಲ್ಯೂಯಿನ್ ಕೂಡ ಉಳಿದಿರುತ್ತದೆ. ಎಪಾಕ್ಸಿಯವರು ಬಳಸುವ ಎಂಇಕೆ ಎಂಬ ಸಾಲ್ವೆಂಟ್ 80 ಡಿಗ್ರಿಗೆ ಕುದಿಯುತ್ತದೆ. ಟಾಲ್ಯೂಯಿನ್‌ಗೆ 110 ಬೇಕು. ಜೊತೆಗೆ ಪಿಪಿಒ ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮುಂದೆ ಆ ಸಂದಿಗಳಿಗೆ ಗಾಳಿಯ ತೇವವೂ ಸೇರಿತು. ಇಂಥ ತುಂಡನ್ನು 288 ಡಿಗ್ರಿಯ ಸೋಲ್ಡರ್ ಮೇಲೆ ಇಟ್ಟಿರಿ. 260 ಡಿಗ್ರಿಯಲ್ಲೇ ನೀರಿನ ಆವಿಯ ಒತ್ತಡ ಸುಮಾರು 47 ಬಾರ್. ಮನೆಯ ಕುಕ್ಕರ್‌ನ ಒತ್ತಡ 1 ಬಾರ್ ಅಷ್ಟೇ. ಬೊಬ್ಬೆ ಏಳದೆ ಇನ್ನೇನಾದೀತು?

ಸಂದಿಗಳು ಉಳಿದರೆ ಇನ್ನೊಂದು ಅಪಾಯವೂ ಇದೆ, ಅದು ಪ್ರಯೋಗಾಲಯದಲ್ಲಿ ಕಾಣುವುದಿಲ್ಲ. ತೇವ ಮತ್ತು ವೋಲ್ಟೇಜ್ ಎರಡೂ ಸೇರಿದಾಗ ತಾಮ್ರ ಗಾಜಿನ ಎಳೆಯ ಪಕ್ಕದಲ್ಲೇ ಮೆಲ್ಲಗೆ ಬೆಳೆದು ಒಂದು ರಂಧ್ರದಿಂದ ಇನ್ನೊಂದಕ್ಕೆ ಸೇತುವೆ ಕಟ್ಟುತ್ತದೆ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನವರು ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಬೋರ್ಡ್ ವರ್ಷಗಟ್ಟಲೆ ಚೆನ್ನಾಗಿ ಕೆಲಸ ಮಾಡಿ ಒಂದು ದಿನ ಶಾರ್ಟ್ ಆಗುತ್ತದೆ. ಹಾಗಾಗಿ ಬಟ್ಟೆ ಪೂರ್ತಿ ನೆನೆಯುವುದನ್ನು ಅಂದಚಂದದ ವಿಷಯ ಅಂದುಕೊಳ್ಳಬೇಡಿ.

ಎರಡು ಟಿಜಿ ಯಾಕೆ ಬಂತು? ಎರಡು ದ್ರವ ಬೆರೆಯಲು ಒಂದು ಮುಖ್ಯ ಪ್ರೇರಣೆ ಅಂದರೆ ಬೆರೆತಾಗ ಹೆಚ್ಚುವ ಅಸ್ತವ್ಯಸ್ತತೆ, ಎಂಟ್ರೋಪಿ. ಸಣ್ಣ ಅಣುಗಳು ಎಲ್ಲಿ ಬೇಕಾದರೂ ಹೋಗಬಹುದು, ಪ್ರೇರಣೆ ದೊಡ್ಡದು. 160 ಕೊಂಡಿ ಒಟ್ಟಿಗೆ ಕಟ್ಟಿಹಾಕಿದ ಸರಪಳಿಗೆ ಆ ಸ್ವಾತಂತ್ರ್ಯ ಇಲ್ಲ, ಪ್ರೇರಣೆ ಸಣ್ಣದು. ಆದರೂ ಶುರುವಿನಲ್ಲಿ, ಸಾಲ್ವೆಂಟ್ ಇರುವವರೆಗೆ ಬೆರೆತ ಹಾಗೆ ಕಾಣುತ್ತದೆ. ಎಪಾಕ್ಸಿ ಗಟ್ಟಿಯಾಗತೊಡಗಿದಾಗ ಅದರ ಅಣುಗಳೂ ದೊಡ್ಡದಾಗುತ್ತವೆ, ಉಳಿದ ಪ್ರೇರಣೆಯೂ ಹೋಗುತ್ತದೆ. ಪಿಪಿಒ ಬೇರೆ, ಎಪಾಕ್ಸಿ ಬೇರೆ ಗುಂಪಾಗುತ್ತವೆ. ಡಿಎಂಎಯಲ್ಲಿ 140ರ ಹತ್ತಿರ ಒಂದು, 210ರ ಹತ್ತಿರ ಒಂದು ಶಿಖರ ಬಂದಿರಬೇಕು, ಅಲ್ವಾ?

ಸಾಲ್ವೆಂಟ್ ತಾಗಿದಾಗ ಅಂಟುವುದಕ್ಕೂ ಇದೇ ಕಾರಣ. ಪಿಪಿಒ ಥರ್ಮೋಪ್ಲಾಸ್ಟಿಕ್, ಬಿಸಿಗೆ ಮೆತ್ತಗಾಗುತ್ತದೆ, ಸಾಲ್ವೆಂಟ್‌ನಲ್ಲಿ ಕರಗುತ್ತದೆ. ಎಪಾಕ್ಸಿಯ ಬಲೆಗೆ ಅದು ಸೇರಿಕೊಂಡಿಲ್ಲ, ಬಲೆಯ ಪಕ್ಕದಲ್ಲಿ ಸುಮ್ನೆ ಕೂತಿದೆ. ಲೆಕ್ಕ ಹಾಕಿ ನೋಡಿ. 30 ಗ್ರಾಂ ಪಿಪಿಒ, 70 ಗ್ರಾಂ ಎಪಾಕ್ಸಿ. ಎಪಾಕ್ಸಿಯ ತುಲ್ಯತೂಕ (ಒಂದು ಮೋಲ್ ಎಪಾಕ್ಸಿ ಗುಂಪು ಇರುವಷ್ಟು ರೆಸಿನ್‌ನ ತೂಕ) 190 ಆದರೆ 0.368 ತುಲ್ಯಾಂಶ ಎಪಾಕ್ಸಿ ಗುಂಪು ಇದೆ. 20,000 ಅಣುತೂಕದ ಪಿಪಿಒ ಸರಪಳಿಗೆ ಒಂದು ತುದಿಯಲ್ಲಿ ಮಾತ್ರ ಫೀನಾಲ್‌ನ ಒಎಚ್ ಇರುತ್ತದೆ. 30ನ್ನು 20,000ದಿಂದ ಭಾಗಿಸಿದರೆ 0.0015. ಅಂದರೆ ತೂಕದಲ್ಲಿ 30% ಇರುವ ವಸ್ತು ಎಪಾಕ್ಸಿ ಗುಂಪುಗಳಲ್ಲಿ 0.4%ರ ಕೈ ಹಿಡಿಯಬಲ್ಲದು. ಅಷ್ಟೇ.

ಈಗ ದಾರಿ ಹೇಳುತ್ತೇನೆ. ಸರಪಳಿಯನ್ನು ಕತ್ತರಿಸಬೇಕು, ಕತ್ತರಿಸಿದ ತುಂಡುಗಳ ಎರಡೂ ತುದಿಗೆ ಕೈ ಕೊಡಬೇಕು. ಎರಡನ್ನೂ ಒಂದೇ ಏಟಿಗೆ ಮಾಡುವ ಕ್ರಿಯೆ ಇದೆ. ಅದಕ್ಕೆ ರೀಡಿಸ್ಟ್ರಿಬ್ಯೂಷನ್ ಅನ್ನುತ್ತಾರೆ. ನಾನು ಮರುಹಂಚಿಕೆ ಅಂತ ಕರೆಯುತ್ತೇನೆ. ಪಿಪಿಒವನ್ನು ಟಾಲ್ಯೂಯಿನ್‌ನಲ್ಲಿ ಕರಗಿಸಿ, ಬಿಸ್ಫೆನಾಲ್-ಎ ಹಾಕಿ, 90 ಡಿಗ್ರಿಯ ಸುತ್ತ ಬೆನ್ಜಾಯ್ಲ್ ಪೆರಾಕ್ಸೈಡ್ ಸೇರಿಸುತ್ತಾರೆ. ಪೆರಾಕ್ಸೈಡ್ ಒಡೆದು ಫೀನಾಲ್ ತುದಿಯ ಹೈಡ್ರೋಜನ್ನನ್ನು ಕಿತ್ತುಕೊಳ್ಳುತ್ತದೆ. ಫೀನಾಕ್ಸಿ ರಾಡಿಕಲ್, ಅಂದರೆ ಒಂಟಿ ಎಲೆಕ್ಟ್ರಾನ್ ಉಳಿದ ಚುರುಕು ತುದಿ, ಹುಟ್ಟುತ್ತದೆ. ಇಂಥ ಎರಡು ರಾಡಿಕಲ್ ಸೇರಿದಾಗ ಹಳೆಯ ಕೊಂಡಿ ಬಿಚ್ಚಿ ಹೊಸ ಕಡೆ ಕೂರಬಹುದು. ಉದ್ದದ ಸರದಿಂದ ಮಣಿಗಳನ್ನು ಬಿಚ್ಚಿ ಹೊಸ ದಾರಗಳಿಗೆ ಪೋಣಿಸಿದ ಹಾಗೆ. ಬಿಸ್ಫೆನಾಲ್-ಎ ಇಲ್ಲಿ ಹೊಸ ದಾರ. ಮಣಿ ಅಷ್ಟೇ ಇದೆ, ದಾರ ಜಾಸ್ತಿಯಾಯಿತು, ಒಂದೊಂದು ಸರವೂ ಚಿಕ್ಕದಾಯಿತು. ಬಿಸ್ಫೆನಾಲ್‌ಗೆ ಎರಡು ಒಎಚ್ ಇರುವುದರಿಂದ ಹೊಸ ಸರಗಳ ಎರಡೂ ತುದಿಗೆ ಕೈ ಬಂತು.

ಈ ದಾರದ ಹೋಲಿಕೆಯಿಂದ ಪ್ರಮಾಣವನ್ನೂ ಅಂದಾಜು ಮಾಡಬಹುದು. ಮರುಹಂಚಿಕೆಯಲ್ಲಿ ಒಟ್ಟು ಅಣುಗಳ ಸಂಖ್ಯೆ ಬದಲಾಗುವುದಿಲ್ಲ ಅಂತ ಇಟ್ಟುಕೊಳ್ಳಿ. 100 ಗ್ರಾಂ ಪಿಪಿಒದಲ್ಲಿ 0.005 ಮೋಲ್ ಸರಪಳಿ ಇದೆ. ನಿಮಗೆ 1,600 ಅಣುತೂಕ ಬೇಕಾದರೆ ಸುಮಾರು 0.067 ಮೋಲ್, ಅಂದರೆ 15 ಗ್ರಾಂ ಬಿಸ್ಫೆನಾಲ್-ಎ ಬೇಕು. 3,000 ಸಾಕು ಅಂದರೆ 7 ಗ್ರಾಂ. ಇದು ಕಾಗದದ ಲೆಕ್ಕ. ಹಾಕಿದ ಬಿಸ್ಫೆನಾಲ್ ಎಲ್ಲವೂ ಸರಪಳಿಗೆ ಸೇರುವುದಿಲ್ಲ, ಪೆರಾಕ್ಸೈಡ್ ಬೇರೆ ಕಡೆಯೂ ಕೈಯಾಡಿಸುತ್ತದೆ. ಆದರೂ ಮೊದಲ ಪ್ರಯೋಗಕ್ಕೆ ಎಷ್ಟು ಹಾಕಲಿ ಎಂಬ ಪ್ರಶ್ನೆಗೆ ಇದು ಸಾಕು.

ಹಾಗಾದರೆ ಎಷ್ಟು ಚಿಕ್ಕದು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ 1,500ರಿಂದ 3,000ದ ನಡುವೆ ಇರಲಿ. ಅದಕ್ಕಿಂತ ಚಿಕ್ಕದಾದರೆ ಪಿಪಿಒದ ಗುಣಕ್ಕಿಂತ ಬಿಸ್ಫೆನಾಲ್‌ನ ಗುಣವೇ ಜಾಸ್ತಿಯಾಗುತ್ತದೆ. ಬಿಡಿ ತುಂಡಿನ ಟಿಜಿ ತುಂಬಾ ಇಳಿಯುತ್ತದೆ. ಅದಕ್ಕಿಂತ ಉದ್ದ ಬಿಟ್ಟರೆ ಹಳೆಯ ಸಿಕ್ಕು ಮತ್ತೆ ಶುರು. ಟಿಜಿ ಇಳಿಯುತ್ತದೆ ಅಂತ ಹೆದರಬೇಡಿ. ತುಂಡು ಎಪಾಕ್ಸಿಯ ಬಲೆಯಲ್ಲಿ ಎರಡೂ ತುದಿಗೆ ಕಟ್ಟಿಹಾಕಿಕೊಂಡ ಮೇಲೆ ಟಿಜಿ ಮತ್ತೆ ಮೇಲೇರುತ್ತದೆ. ಈಗ ಕೈಗಳ ಲೆಕ್ಕ ಮತ್ತೆ ಹಾಕಿ. 1,600 ಅಣುತೂಕ, ಎರಡು ಒಎಚ್, ತುಲ್ಯತೂಕ 800. 30 ಗ್ರಾಂನಲ್ಲಿ 0.0375 ತುಲ್ಯಾಂಶ. ಎಪಾಕ್ಸಿ ಗುಂಪುಗಳಲ್ಲಿ 10% ಈಗ ಪಿಪಿಒ ಕೈ ಹಿಡಿಯುತ್ತವೆ. ಮೊದಲಿಗಿಂತ 25 ಪಟ್ಟು.

ಇದರಿಂದ ಒಂದು ಕೆಲಸ ಜಾಸ್ತಿಯಾಗುತ್ತದೆ, ಇದನ್ನು ಮರೆಯುವವರೇ ಹೆಚ್ಚು. ಪಿಪಿಒ ಈಗ ಫಿಲ್ಲರ್ ಆಗಿ ಉಳಿದಿಲ್ಲ, ಅದೂ ಒಂದು ಹಾರ್ಡನರ್, ಅಂದರೆ ಎಪಾಕ್ಸಿಯ ಜೊತೆ ಕೂಡಿ ಅದನ್ನು ಗಟ್ಟಿ ಮಾಡುವ ವಸ್ತು. ಅದು ತಿನ್ನುವ ಎಪಾಕ್ಸಿಯನ್ನು ಕಳೆದು ಉಳಿದದ್ದಕ್ಕೆ ಮಾತ್ರ ಬೇರೆ ಹಾರ್ಡನರ್ ಹಾಕಬೇಕು. ಮೇಲಿನ ಉದಾಹರಣೆಯಲ್ಲಿ ಉಳಿಯುವುದು ಸುಮಾರು 0.33 ತುಲ್ಯಾಂಶ. ಒಎಚ್ ತುಲ್ಯತೂಕ 105 ಇರುವ ಫೀನಾಲ್ ನೊವೊಲಾಕ್ ಎಂಬ ಹಾರ್ಡನರ್ ಆದರೆ ಸುಮಾರು 35 ಗ್ರಾಂ. ಹಳೆಯ ಪಾಕವನ್ನೇ ಇಟ್ಟುಕೊಂಡು ಪಿಪಿಒ ಮಾತ್ರ ಸೇರಿಸಿದರೆ ಹಾರ್ಡನರ್ ಜಾಸ್ತಿಯಾಗಿ, ಬಲೆಯಲ್ಲಿ ಸಡಿಲ ತುದಿಗಳು ಉಳಿಯುತ್ತವೆ.

ಹಾರ್ಡನರ್ ವಿಷಯಕ್ಕೆ ಬಂದದ್ದರಿಂದ ಹೇಳುತ್ತೇನೆ, ನೀವು ಬಳಸಿದ್ದು ಡೈಸಿಯಾನ್‌ಡೈಅಮೈಡ್ ಆಗಿದ್ದರೆ ಬಿಟ್ಟುಬಿಡಿ. ಅದು ಕರಗಲು ಡಿಎಂಎಫ್‌ನಂಥ ಸಾಲ್ವೆಂಟ್ ಬೇಕು. ಟಾಲ್ಯೂಯಿನ್ ಜಾಸ್ತಿ ಇರುವ ವಾರ್ನಿಶ್‌ನಲ್ಲಿ ಹರಳಾಗಿ ಹೊರಗೆ ಬರುತ್ತದೆ. ಅದರಿಂದ ಗಟ್ಟಿಯಾದ ಎಪಾಕ್ಸಿ ನೀರನ್ನೂ ಜಾಸ್ತಿ ಕುಡಿಯುತ್ತದೆ, ಬಿಸಿಗೂ ಬೇಗ ಕೆಡುತ್ತದೆ. 2006ರ ಜುಲೈನಲ್ಲಿ ಯುರೋಪಿನಲ್ಲಿ ಸೀಸದ ಬೆಸುಗೆಗೆ ತಡೆ ಬಂದ ಮೇಲೆ, ಸೀಸವಿಲ್ಲದ ಬೆಸುಗೆ ಕರಗಲು ಹೆಚ್ಚು ಬಿಸಿ ಬೇಕಾದ್ದರಿಂದ, ಬೋರ್ಡ್‌ಗಳು ಜೋಡಣೆಯ ಸಮಯದಲ್ಲಿ 260 ಡಿಗ್ರಿಯವರೆಗೆ ಬಿಸಿಯಾಗಬೇಕಾಯಿತು. ಆಗ ಬಹಳಷ್ಟು ತಯಾರಕರು ಡೈಸಿ ಬಿಟ್ಟು ಫೀನಾಲ್ ನೊವೊಲಾಕ್ ಕಡೆ ಹೋದರು.

ಇನ್ನೊಂದು ಸೂಕ್ಷ್ಮ ಇದೆ. ಪಿಪಿಒ ತುದಿಯ ಒಎಚ್ ಎರಡೂ ಪಕ್ಕದಲ್ಲಿ ಮಿಥೈಲ್ ಗುಂಪುಗಳಿವೆ. ಇಬ್ಬರು ದಪ್ಪ ಜನರ ನಡುವೆ ಬಸ್ ಸೀಟಿನಲ್ಲಿ ಕೂತವರ ಹಾಗೆ ಅದಕ್ಕೆ ಕೈಯಾಡಿಸಲು ಜಾಗ ಕಡಿಮೆ. ಬಿಸ್ಫೆನಾಲ್ ಕಡೆಯ ಒಎಚ್‌ಗೆ ಆ ತೊಂದರೆ ಇಲ್ಲ. ಎಲ್ಲವನ್ನೂ ಒಟ್ಟಿಗೆ ಪ್ರೆಸ್‌ಗೆ ಹಾಕಿದರೆ ನೊವೊಲಾಕ್ ಮುಂದೆ ಓಡುತ್ತದೆ, ಪಿಪಿಒ ಹಿಂದೆ ಉಳಿಯುತ್ತದೆ, ಮತ್ತೆ ಬೇರೆಯಾಗುವ ಸಾಧ್ಯತೆ ಇದೆ. ಅದಕ್ಕೆ ಪಿಪಿಒವನ್ನು ಮೊದಲೇ ಎಪಾಕ್ಸಿಯ ಜೊತೆ ಕೂಡಿಸಿಬಿಡಿ. ಎಪಾಕ್ಸಿ ಹೆಚ್ಚಿರಲಿ, ಟ್ರೈಫೆನಿಲ್ ಫಾಸ್ಫೀನ್ ಎಂಬ ವೇಗವರ್ಧಕ ಸ್ವಲ್ಪ ಹಾಕಿ, ಟಾಲ್ಯೂಯಿನ್ ಕುದಿಯುವ ಉಷ್ಣತೆಯ ಹತ್ತಿರ ಇಡಿ. ಗಂಟೆಗೊಮ್ಮೆ ಮಾದರಿ ತೆಗೆದು ಎಪಾಕ್ಸಿ ಗುಂಪಿನ ಪ್ರಮಾಣ ಟೈಟ್ರೇಟ್ ಮಾಡಿ. ಲೆಕ್ಕದಷ್ಟು ಇಳಿದ ಮೇಲೆ ನಿಲ್ಲಿಸಿ, ಆಮೇಲೆ ನೊವೊಲಾಕ್ ಮತ್ತು ಇಮಿಡಜೋಲ್ ಎಂಬ ವೇಗವರ್ಧಕ ಸೇರಿಸಿ. ತಾಳ್ಮೆ ಬೇಡುವ ಹಂತ ಇದು. ಆದರೆ ಎರಡು ಟಿಜಿ ಒಂದಾಗುವುದು ಸಾಮಾನ್ಯವಾಗಿ ಇಲ್ಲೇ.

ಪೆರಾಕ್ಸೈಡ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಒಣ ಬೆನ್ಜಾಯ್ಲ್ ಪೆರಾಕ್ಸೈಡ್ ಸ್ಫೋಟಕ. ಉಜ್ಜಿದರೂ ಸಾಕು. ನೀರು ಬೆರೆಸಿ ಒದ್ದೆಯಾಗಿ ಮಾರುವ ದರ್ಜೆಯನ್ನೇ ಕೊಳ್ಳಿ. ಒಣಗಿಸಲು ಹೋಗಬೇಡಿ. ಲೋಹದ ಚಮಚ ಬೇಡ. ಅಮೈನ್ ತಾಗಿಸಬೇಡಿ. ಟಾಲ್ಯೂಯಿನ್ ಆವಿ ಸಾಮಾನ್ಯ ಉಷ್ಣತೆಯಲ್ಲೇ ಒಂದು ಕಿಡಿಗೆ ಬೆಂಕಿ ಹಿಡಿಯುತ್ತದೆ, ಹಾಗಾಗಿ ಕೆಲಸ ಫ್ಯೂಮ್ ಹುಡ್‌ನಲ್ಲಿ, ನೈಟ್ರೋಜನ್ ಹಾಯಿಸುತ್ತಾ ಇರಲಿ. ಪೆರಾಕ್ಸೈಡನ್ನು ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪ ಹಾಕಿ. 90 ಡಿಗ್ರಿಯಲ್ಲಿ ಅದರ ಅರ್ಧ ಒಡೆಯಲು ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಆದ್ದರಿಂದ ಕೊನೆಯದಾಗಿ ಹಾಕಿದ ಮೇಲೂ ಕೆಲವು ಗಂಟೆ ಬಿಸಿಯಲ್ಲಿಡಿ. ಉಳಿದ ಪೆರಾಕ್ಸೈಡ್ ಎಪಾಕ್ಸಿ ಹಂತಕ್ಕೆ ಹೋಗಬಾರದು. ನಿಮ್ಮ ಮಾರ್ಗದರ್ಶಕರು ಪಕ್ಕದಲ್ಲಿ ಇಲ್ಲದೆ ಮೊದಲ ಬಾರಿ ಮಾಡಬೇಡಿ. ಕ್ರಿಯೆಯಲ್ಲಿ ಬೆನ್ಜೋಯಿಕ್ ಆಮ್ಲ ಉಳಿಯುತ್ತದೆ, ಅದೂ ಎಪಾಕ್ಸಿಯನ್ನು ತಿನ್ನುತ್ತದೆ. ಮೆಥನಾಲ್‌ಗೆ ಸುರಿದು ಪಾಲಿಮರನ್ನು ಹೊರತೆಗೆದು ತೊಳೆದರೆ ಆಮ್ಲ ಹೋಗುತ್ತದೆ. ತೀರಾ ಚಿಕ್ಕ ತುಂಡುಗಳೂ ಸ್ವಲ್ಪ ಹೋಗುತ್ತವೆ, ಪ್ರಯೋಗಾಲಯದ ಮಟ್ಟಕ್ಕೆ ಪರವಾಗಿಲ್ಲ.

ಇಷ್ಟೆಲ್ಲ ಮಾಡಿ ಏನು ಸಿಗುತ್ತದೆ? ಇಲ್ಲಿ ನಿಮ್ಮ ನಿರೀಕ್ಷೆಯನ್ನು ಸ್ವಲ್ಪ ತಿದ್ದಬೇಕು. ಡಿಕೆ 2.5ಕ್ಕೆ ಇಳಿಯುವುದಿಲ್ಲ. ಬೋರ್ಡ್‌ನಲ್ಲಿ ಗಾಜೂ ಇದೆ, ಅದರ ಡಿಕೆ 6 ದಾಟುತ್ತದೆ. ಗಾತ್ರದಲ್ಲಿ 40% ಗಾಜು ಇದ್ದು, ರೆಸಿನ್‌ನ ಡಿಕೆ 3.4ರಿಂದ 3.1ಕ್ಕೆ ಇಳಿದರೆ, ಲ್ಯಾಮಿನೇಟ್‌ನ ಡಿಕೆ ಅಂದಾಜು 4.3ರಿಂದ 4.1ಕ್ಕೆ ಬರುತ್ತದೆ. ಅಷ್ಟೇನಾ ಅನ್ನಿಸಬಹುದು. ಡಿಎಫ್, ಟಿಜಿ ಮತ್ತು ನೀರು ಕುಡಿಯುವುದು, ಈ ಮೂರರಲ್ಲಿ ನಿಜವಾದ ಲಾಭ ಇದೆ. ಜಿಇ ಕಂಪನಿಯೇ ಪಿಪಿಒ ಮತ್ತು ಎಪಾಕ್ಸಿ ಸೇರಿಸಿ ಜಿಟೆಕ್ ಎಂಬ ಲ್ಯಾಮಿನೇಟ್ ತಂದಿತ್ತು. ಅದರ ಡಿಕೆ 3.9ರ, ಡಿಎಫ್ 0.01ರ ಆಸುಪಾಸಿನಲ್ಲಿತ್ತು. ಮೇಲಿನ ಲೆಕ್ಕದಲ್ಲಿ ನಾನು ಆ ಸಂಖ್ಯೆಗಳನ್ನೇ ತೆಗೆದುಕೊಂಡದ್ದು. ನಿಮ್ಮ ಗುರಿ ಅಲ್ಲಿಗೆ ಇಟ್ಟುಕೊಳ್ಳಿ.

ಅದಕ್ಕಿಂತ ಕೆಳಗೆ ಹೋಗಲು ಎಪಾಕ್ಸಿಯೇ ಬಿಡುವುದಿಲ್ಲ. ಎಪಾಕ್ಸಿ ಉಂಗುರ ಫೀನಾಲ್ ಅಥವಾ ಅಮೈನ್ ಜೊತೆ ತೆರೆದುಕೊಂಡಾಗಲೆಲ್ಲ ಒಂದು ಹೊಸ ಒಎಚ್ ಹುಟ್ಟುತ್ತದೆ. ಆ ಒಎಚ್ ಕ್ಷೇತ್ರದ ಜೊತೆ ಅಲ್ಲಾಡಿ ಶಕ್ತಿ ತಿನ್ನುತ್ತದೆ, ಜೊತೆಗೆ ನೀರನ್ನು ಕರೆದು ಕೂರಿಸಿಕೊಳ್ಳುತ್ತದೆ. ನೀರಿನ ಡಿಕೆ 80ರ ಹತ್ತಿರ. ಅಂದರೆ ಎಪಾಕ್ಸಿ ಎಷ್ಟು ಚೆನ್ನಾಗಿ ಗಟ್ಟಿಯಾಗುತ್ತದೋ ಅಷ್ಟು ಒಎಚ್ ಸೇರುತ್ತದೆ. ಇದನ್ನು ತಪ್ಪಿಸಲು ಕೆಲವರು ಸಯನೇಟ್ ಎಸ್ಟರ್ ಸೇರಿಸುತ್ತಾರೆ, ಅದು ಟ್ರೈಅಜೀನ್ ಉಂಗುರ ಕಟ್ಟುತ್ತದೆ, ಒಎಚ್ ಹುಟ್ಟುವುದಿಲ್ಲ. ಇನ್ನು ಕೆಲವರು ಆಕ್ಟಿವ್ ಎಸ್ಟರ್ ಹಾರ್ಡನರ್ ಬಳಸುತ್ತಾರೆ, ಅದರಲ್ಲಿ ಒಎಚ್ ಜಾಗದಲ್ಲಿ ಎಸ್ಟರ್ ಕೂರುತ್ತದೆ. ಡಿಎಫ್ 0.002ರ ಮಟ್ಟ ಬೇಕಾದವರು ಎಪಾಕ್ಸಿಯನ್ನೇ ಕೈಬಿಟ್ಟು, ಇದೇ ಚಿಕ್ಕ ಪಿಪಿಒ ತುಂಡಿನ ಒಎಚ್‌ಗೆ ಮೆಥಾಕ್ರಿಲೇಟ್ ಅಥವಾ ವಿನೈಲ್ ಟೋಪಿ ಹಾಕಿ, ಪೆರಾಕ್ಸೈಡ್‌ನಿಂದ ಗಟ್ಟಿ ಮಾಡುತ್ತಾರೆ. ಪ್ಯಾನಾಸೋನಿಕ್‌ನ ಮೆಗ್‌ಟ್ರಾನ್ 6 ಆ ಮಟ್ಟದ, ಪಿಪಿಒ ಆಧಾರದ ಲ್ಯಾಮಿನೇಟ್. ನಿಮ್ಮ ಪ್ರಾಜೆಕ್ಟ್‌ಗೆ ಈಗ ಅದು ಬೇಡ. ಒಂದು ಮೆಟ್ಟಿಲು ಹತ್ತಿ ನೋಡಿ.

ಬೇರೆ ಪಾಲಿಮರ್ ಬಗ್ಗೆ ಕೇಳಿದಿರಿ. ಪಾಲಿಈಥರ್‌ಸಲ್ಫೋನ್, ಪಾಲಿಈಥರ್‌ಇಮೈಡ್ ಇವುಗಳನ್ನೂ ಎಪಾಕ್ಸಿಗೆ ಸೇರಿಸುತ್ತಾರೆ, ತುದಿಗೆ ಅಮೈನ್ ಅಥವಾ ಒಎಚ್ ಕೊಟ್ಟು. ಅವು ಎಪಾಕ್ಸಿಯ ಪೆಡಸುತನ ಕಡಿಮೆ ಮಾಡಲು ಚೆನ್ನಾಗಿವೆ, ವಿಮಾನದ ಭಾಗಗಳ ಕಾಂಪೋಸಿಟ್‌ಗಳಲ್ಲಿ ಬಳಕೆ ಇದೆ. ಅಲ್ಲಿ ಎರಡು ಹಂತವಾಗಿ ಬೇರೆಯಾಗುವುದೇ ಬೇಕು, ಬಿರುಕು ಅಲ್ಲಿ ತಡೆಯುತ್ತದೆ. ಆದರೆ ಅವುಗಳಲ್ಲಿ ಧ್ರುವೀಯ ಗುಂಪುಗಳಿವೆ. ಡಿಎಫ್ ಇಳಿಸುವುದು ನಿಮ್ಮ ಗುರಿಯಾದ್ದರಿಂದ ಅವು ನಿಮ್ಮ ದಾರಿಗೆ ಬರುವುದಿಲ್ಲ.

ತಾಮ್ರಕ್ಕೆ ಬರುತ್ತೇನೆ ಅಂದಿದ್ದೆ. ಎಪಾಕ್ಸಿಯ ಅದೇ ಒಎಚ್ ತಾಮ್ರವನ್ನು ಹಿಡಿದುಕೊಳ್ಳಲು ಸಹಾಯ ಮಾಡುತ್ತದೆ. ಪಿಪಿಒ ಜಾಸ್ತಿಯಾದಷ್ಟೂ ಫಾಯಿಲ್ ಸುಲಭವಾಗಿ ಕಿತ್ತು ಬರುತ್ತದೆ. ಹಾಗಾದರೆ ಒರಟು ಫಾಯಿಲ್ ಹಾಕೋಣ ಅನ್ನಿಸುತ್ತದೆ. ಅದೇ ತಪ್ಪು ಹೆಜ್ಜೆ. 10 ಗಿಗಾಹರ್ಟ್ಸ್‌ನಲ್ಲಿ ಕರೆಂಟ್ ತಾಮ್ರದ ಮೇಲಿನ 0.66 ಮೈಕ್ರಾನ್ ಪದರದಲ್ಲೇ ಹೆಚ್ಚಾಗಿ ಹರಿಯುತ್ತದೆ. ಹಲವು ಮೈಕ್ರಾನ್ ಎತ್ತರದ ಹಲ್ಲುಗಳಿರುವ ಫಾಯಿಲ್ ಮೇಲೆ ಅದು ಬೆಟ್ಟ ಹತ್ತಿ ಇಳಿದು ಹೋಗಬೇಕು. ರೆಸಿನ್‌ನಲ್ಲಿ ಉಳಿಸಿದ ಡೆಸಿಬೆಲ್ ತಾಮ್ರದಲ್ಲಿ ಕಳೆಯುತ್ತೀರಿ. ನಯವಾದ ಫಾಯಿಲ್ ತೆಗೆದುಕೊಂಡು, ರೆಸಿನ್ ಹಿಡಿಯುವಂತೆ ಮಾಡುವ ಸಿಲೇನ್ ಲೇಪನ ಇರುವುದನ್ನು ಆರಿಸಿ. ಪಿಪಿಒ ಪ್ರಮಾಣವನ್ನು 30ರಿಂದ 40%ಕ್ಕೆ ಏರಿಸುವ ಮೊದಲು ಫಾಯಿಲ್ ಕಿತ್ತು ನೋಡುವ ಪರೀಕ್ಷೆ ಮಾಡಿ.

ನಿಮ್ಮ ಹೊಸ ಲ್ಯಾಮಿನೇಟ್ ಸರಿಯಾಯಿತೇ ಅಂತ ತಿಳಿಯಲು ಡಿಎಂಎ ಒಂದೇ ಸಾಲದು. ಒಂದೇ ಟಿಜಿ ಕಂಡರೂ ಸ್ವಲ್ಪ ಪಿಪಿಒ ಬಿಡಿಯಾಗಿ ಉಳಿದಿರಬಹುದು. ರೆಸಿನ್ ಪುಡಿಯನ್ನು ತೂಕ ಮಾಡಿ ಬಿಸಿ ಟಾಲ್ಯೂಯಿನ್‌ನಲ್ಲಿ ಒಂದು ದಿನ ಇಟ್ಟು, ಒಣಗಿಸಿ ಮತ್ತೆ ತೂಗಿ. ಕಳೆದುಹೋದ ತೂಕವೇ ಬಲೆಗೆ ಸೇರದ ಭಾಗ. ನಾನು ಬೇರೆ ಯಾವ ಪರೀಕ್ಷೆಗಿಂತ ಇದನ್ನೇ ನಂಬುತ್ತೇನೆ. ಆಮೇಲೆ ತುಂಡನ್ನು ಒತ್ತಡದ ಆವಿಯಲ್ಲಿ ಅರ್ಧ ಗಂಟೆ ಇಟ್ಟು, ಒರೆಸಿ, ಸೋಲ್ಡರ್‌ನಲ್ಲಿ ಮುಳುಗಿಸಿ. ಅಲ್ಲಿ ಬೊಬ್ಬೆ ಏಳದಿದ್ದರೆ ಬಟ್ಟೆ ಚೆನ್ನಾಗಿ ನೆನೆದಿದೆ. ಡಿಎಫ್ ಅಳೆಯುವಾಗ ಒಣ ತುಂಡು ಮತ್ತು ತೇವದಲ್ಲಿ ಇಟ್ಟ ತುಂಡು ಎರಡನ್ನೂ ಅಳೆಯಿರಿ. ಮಂಗಳೂರಿನ ಮಳೆಗಾಲದಲ್ಲಿ ಬೋರ್ಡ್ ಒಣಗಿರುವುದಿಲ್ಲ.

ರಂಧ್ರ ಕೊರೆಯುವುದನ್ನೂ ಒಮ್ಮೆ ನೋಡಿ. ಡ್ರಿಲ್ ಬಿಸಿಗೆ ರೆಸಿನ್ ಕರಗಿ ಒಳಗಿನ ತಾಮ್ರದ ಅಂಚಿಗೆ ಮೆತ್ತಿಕೊಳ್ಳುತ್ತದೆ. ಎಪಾಕ್ಸಿಯಾದರೆ ಪರ್ಮಾಂಗನೇಟ್ ಅದನ್ನು ತಿಂದು ತೆಗೆಯುತ್ತದೆ. ಪಿಪಿಒ ಅದಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ಪ್ಲಾಸ್ಮಾ ಬೇಕಾಗಬಹುದು. ಬೆಂಗಳೂರು, ಮೈಸೂರು ಕಡೆ ಬೋರ್ಡ್ ಮಾಡುವ ಘಟಕಗಳಿವೆ. ಅಂಗೈಯಗಲದ ತುಂಡು ಕೊಟ್ಟು ಕೊರೆದು ಕೊಡಿ ಅಂತ ಕೇಳಿ. ಪ್ರಯೋಗಾಲಯದಲ್ಲಿ ಒಂದು ತಿಂಗಳಲ್ಲಿ ತಿಳಿಯದ್ದು ಅವರ ಅಡ್ಡಕೊಯ್ತದ ಒಂದು ಚಿತ್ರದಲ್ಲಿ ತಿಳಿಯುತ್ತದೆ.

ಉಳಿದ 2 ಕೆ.ಜಿ. ಪಿಪಿಒ ಬಿಸಾಡಬೇಡಿ. ಮುಚ್ಚಳ ಬಿಗಿ ಮಾಡಿ ಇಟ್ಟುಕೊಳ್ಳಿ, ಅದು ಕೆಡುವುದಿಲ್ಲ. ಮೊದಲು 50 ಗ್ರಾಂ ಮಾತ್ರ ತೆಗೆದುಕೊಂಡು 7.5 ಗ್ರಾಂ ಬಿಸ್ಫೆನಾಲ್-ಎ ಜೊತೆ ಮರುಹಂಚಿಕೆ ಮಾಡಿ. ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ಅಣುತೂಕ ಅಳೆಯುವ ಜಿಪಿಸಿ ಪರೀಕ್ಷೆಗೆ ಕೊಡಿ. ಹಳೆಯ ಪಿಪಿಒವನ್ನೂ ಪಕ್ಕದಲ್ಲೇ ಓಡಿಸಿ. ಶಿಖರ ಪೂರ್ತಿಯಾಗಿ ಚಿಕ್ಕ ತೂಕದ ಕಡೆ ಸರಿದಿದೆಯೇ, ಅಥವಾ ಹಳೆಯ ಜಾಗದಲ್ಲಿ ಒಂದು ಬಾಲ ಉಳಿದಿದೆಯೇ ಅಂತ ಗಮನಿಸಿ. ಬಾಲ ಉಳಿದಿದ್ದರೆ ಕ್ರಿಯೆ ಅರ್ಧಕ್ಕೆ ನಿಂತಿದೆ, ಪೆರಾಕ್ಸೈಡ್ ಹಾಕಿದ ರೀತಿ ಬದಲಿಸಿ. ಬಾಲ ಇಲ್ಲದಿದ್ದರೆ ಆ ಪುಡಿಯನ್ನು ಟಾಲ್ಯೂಯಿನ್ ಮತ್ತು ಎಂಇಕೆ ಸಮ ಬೆರೆಸಿದ ಸಾಲ್ವೆಂಟ್‌ನಲ್ಲಿ 50% ಕರಗಿಸಿ, ರಾತ್ರಿಯಿಡೀ ಬೆಂಚಿನ ಮೇಲೆ ಬಿಡಿ. ಬೆಳಿಗ್ಗೆ ಬಾಟಲಿ ಓರೆ ಮಾಡಿದಾಗ ದ್ರಾವಣ ನೀರಿನ ಹಾಗೆ ಸರಾಗವಾಗಿ ಹರಿದರೆ, ಗಾಜಿನ ಬಟ್ಟೆ ಕತ್ತರಿಸಲು ಶುರು ಮಾಡಿ.